ಹಿಂದೆ ಬರುವ ಹಾಲು

“ಅಕ್ಕಿ ತೊಳೆದ ನೀರೂ ಇದಕ್ಕಿಂತ ಗಟ್ಟಿ ಇರುತ್ತಮ್ಮಾ,” ಅಂದರು ಕಾರ್ಖಾನೆಯ ಡಾಕ್ಟರಮ್ಮ.

ಪುಟ್ಟ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ತಳದಲ್ಲಿ ಒಂದಿಷ್ಟು ಹನಿ. ಈಗಷ್ಟೇ ಕಾಲರು ಪರದೆಯ ಹಿಂದೆ ನಿಂತು ಹಿಂಡಿಕೊಟ್ಟದ್ದು. ನೀಲಿಗೆ ತಿರುಗಿದ ಬಿಳುಪು. ಅದರ ಮೂಲಕ ಕಿಟಕಿಯ ಸರಳುಗಳು ಕಾಣುತ್ತಿದ್ದವು.

“ನೋಡು, ಈಚೆಯಿಂದ ಆಚೆ ಕಾಣ್ತಿದೆ. ಇದನ್ನ ಕುಡಿದು ಮಗು ಹೇಗೆ ಮೈಕೈ ತುಂಬ್ಕೊಳ್ಳುತ್ತೆ?”

ಕಾಲರು ಲೋಟ ನೋಡಿದಳು. ತಕ್ಕಡಿಯಲ್ಲಿ ಅಂಗಾತ ಮಲಗಿ ಕಾಲು ಕುಣಿಸುತ್ತಿದ್ದ ಮಗಳನ್ನು ನೋಡಿದಳು. ತಕ್ಕಡಿಯ ಮುಳ್ಳು ಹೋದ ತಿಂಗಳು ಎಲ್ಲಿತ್ತೋ ಅಲ್ಲೇ ಮುನಿಸಿಕೊಂಡು ಕೂತಿತ್ತು.

“ನಾನು ಹೊಟ್ಟೆ ತುಂಬ ಉಣ್ತೀನಿ ಡಾಕ್ಟರಮ್ಮ. ಹಾಲೂ ಬೇಕಾದಷ್ಟು ಬರುತ್ತೆ. ಮೈಮೇಲಿನ ಬಟ್ಟೆ ತೊಯ್ದು ಹೋಗುತ್ತೆ.”

“ಬರೋದು ಬೇರೆ, ಅದರಲ್ಲಿ ಬಲ ಇರೋದು ಬೇರೆ. ನಲ್ಲೀಲೂ ಬೇಕಾದಷ್ಟು ಬರುತ್ತೆ.”

ಡಾಕ್ಟರಮ್ಮ ಕೆಟ್ಟವರಲ್ಲ. ಮಗುವಿನ ಗಲ್ಲ ಹಿಡಿದು ಮುದ್ದು ಮಾಡಿದರು. ಆಮೇಲೆ ಬೀರುವಿನಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಡಬ್ಬಿಯ ಮೇಲೆ ಒಂದು ಕೂಸು. ಅದರ ಕೆನ್ನೆಯೊಂದನ್ನೇ ತೂಗಿದರೂ ತನ್ನ ಮಗಳಿಗಿಂತ ಭಾರ ಬಂದೀತು ಅನ್ನಿಸಿತು ಕಾಲರಿಗೆ.

“ಮುಂದಿನ ತೂಕದ ದಿನದವರೆಗೆ ನೋಡೋಣ. ಮುಳ್ಳು ಏರಲಿಲ್ಲ ಅಂದ್ರೆ ಡಬ್ಬಿ ಹಾಲೇ ಗತಿ. ಆಮೇಲೆ ದಿನಾ ಹಾಲೂಡೋ ಕೋಣೆಗೆ ಹತ್ತಿ ಇಳಿಯೋ ತೊಂದರೆನೂ ಇರಲ್ಲ ನಿಂಗೆ. ಮೇಸ್ತ್ರಿಗೆ ನಾನೇ ಹೇಳ್ತೀನಿ.”

ತೊಂದರೆ! ಹಗಲಲ್ಲಿ ಕಾಲರು ಮಗಳ ಮುಖ ಕಾಣುವುದೇ ಆ ಹತ್ತಿ ಇಳಿಯುವ ನೆಪದಲ್ಲಿ. ಮಗಳನ್ನೆತ್ತಿಕೊಂಡು ಹೊರಬಂದಳು.

ಕಾಲರು ಅವಳ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಚೆನ್ನಾಗಿಯೇ ಇತ್ತು. ಆದರೆ ಆ ಹೊಲಿಗೆ ಕಾರ್ಖಾನೆಯ ಗೇಟು ದಾಟಿದ ಮೇಲೆ ಹೆಸರಿಗೆ ಕೆಲಸವಿಲ್ಲ. ಅಂಗಿಯ ಯಾವ ತುಂಡು ನಿನ್ನ ಸೂಜಿಯ ಕೆಳಗೆ ಬರುತ್ತದೋ ಅದೇ ನೀನು. ಕೊರಳಪಟ್ಟಿ ಕೂಡಿಸುವವಳು ಕಾಲರು. ಪಕ್ಕದ ಮೆಷೀನಿನವಳು ಪಾಕೆಟ್ಟು. ಹಿಂದಿನ ಸಾಲಿನಲ್ಲಿ ತೋಳು, ಅವಳಾಚೆ ಗುಂಡಿ. “ಏ ತೋಳು, ಎಲ್ಲಿ ಸತ್ತೆ? ಏ ಗುಂಡಿ, ಬಾಯಿ ಮುಚ್ಚು!” ಎಂದು ಮೇಸ್ತ್ರಿ ಕೂಗುವುದನ್ನು ಹೊರಗಿನವರು ಕೇಳಿದರೆ ಪಾಪ, ಅಂಗಿಯ ಜೊತೆ ಜಗಳಕ್ಕೆ ನಿಂತಿದ್ದಾನೆ ಅಂದುಕೊಳ್ಳಬೇಕು. ಒಮ್ಮೆ ಪಾಕೆಟ್ಟೇ ಅಂದಿದ್ದಳು: “ನಾವೆಲ್ಲ ಸೇರಿದ್ರೆ ಒಂದು ಅಂಗಿ ಆಗ್ತೀವಿ ಕಣೆ. ಒಬ್ಬ ಮನುಷ್ಯ ಮಾತ್ರ ಆಗಲ್ಲ.”

ಅಂಗಿಗಳೆಲ್ಲ ಬಿಳಿ. ಎಡಕ್ಕೆ ಬಿಳಿ ಗುಡ್ಡೆ, ಬಲಕ್ಕೆ ಬಿಳಿ ಗುಡ್ಡೆ. ಆ ಬಿಳಿಯೇ ಬಾಣಂತಿಯರಿಗೆ ಶತ್ರು. ಹಾಲೂಡುವ ಹೆಂಗಸಿನ ಮೈ ಗಡಿಯಾರ ನೋಡಿ ನಡೆಯುವುದಿಲ್ಲ. ಮೇಲಿನ ಕೋಣೆಯಲ್ಲಿ ಯಾವುದೋ ಕೂಸು ಕುಯ್ಯೆಂದರೂ ಸಾಕು, ಎದೆ ಜುಮ್ಮೆಂದು ಇಳಿಯುತ್ತದೆ. ಬಗ್ಗಿ ಹೊಲಿಯುವಾಗ ಒಂದು ಹನಿ ತಪ್ಪಿ ಬಟ್ಟೆಗೆ ಬಿದ್ದರೆ ಆ ಹೊತ್ತಿಗೆ ಕಾಣುವುದಿಲ್ಲ. ಇಸ್ತ್ರಿ ತಗುಲಿದ ಮೇಲೆ ಹಳದಿ ಕಲೆಯಾಗಿ ಏಳುತ್ತದೆ. ತೊಳೆದರೂ ಹೋಗುವುದಿಲ್ಲ.

ಹಿಂದೊಮ್ಮೆ ಅಂಥ ಕಲೆಯ ಅಂಗಿಗಳು ಗಂಟುಗಟ್ಟಲೆ ವಾಪಸು ಬಂದಿದ್ದವಂತೆ. ಮ್ಯಾನೇಜರು ಹಾಲೂಡುವ ಕೋಣೆಗೇ ಬೀಗ ಜಡಿಯಲು ಹೊರಟಿದ್ದನಂತೆ. ಕೂಸುಗಳನ್ನು ನೋಡಿಕೊಳ್ಳುವ ಆಯಮ್ಮ ಆಗ ಅಡ್ಡ ಬಂದು ಒಂದು ಉಪಾಯ ಹೇಳಿದಳು. “ಎರಡು ಕಡೆನೂ ಇಳಿಸ್ಕೊಂಡು ಹೋದ್ರೆ ಸೋರಲ್ಲ ಸ್ವಾಮಿ. ಅರ್ಧ ಹೊತ್ತು ಈ ಕಡೆ, ಅರ್ಧ ಹೊತ್ತು ಆ ಕಡೆ. ನಾನು ನಿಂತು ಮಾಡಿಸ್ತೀನಿ.” ಕೋಣೆ ಉಳಿಯಿತು. ಆಯಮ್ಮನ ಕೊರಳಿಗೆ ಒಂದು ಸೀಟಿ ಬಿತ್ತು. ಮೊದಲ ಸೀಟಿಗೆ ಕಡೆ ಬದಲಿಸಬೇಕು. ಎರಡನೆಯ ಸೀಟಿಗೆ ಏಳಬೇಕು. ಹೆಂಗಸರೆಲ್ಲ ಆಯಮ್ಮನನ್ನು ಹೊಗಳಿದರು. ಬುದ್ಧಿವಂತೆ ಅಂದರು. ತಾಯಿ ಅಂದರು. ಅಲ್ಲಿಂದೀಚೆಗೆ ಎಷ್ಟು ಕೂಸುಗಳು ಆ ಸೀಟಿಯಲ್ಲಿ ಬೆಳೆದವೋ, ಎಷ್ಟು ಬೆಳೆಯದೆ ಉಳಿದವೋ, ಯಾರಿಗೂ ಲೆಕ್ಕವಿಲ್ಲ.

ಬದಲಿಸುವುದೆಂದರೆ ಸುಮ್ಮನೆ ಅಲ್ಲ. ಕೂಸು ಕಚ್ಚಿ ಹಿಡಿದಿರುತ್ತದೆ. ಕಣ್ಣು ಅರ್ಧ ಮುಚ್ಚಿ, ಕೈಯನ್ನು ಮುಷ್ಟಿ ಮಾಡಿ, ಇಡೀ ಮೈಯನ್ನೇ ಬಾಯಾಗಿಸಿಕೊಂಡಿರುತ್ತದೆ. ತಾಯಿ ಕಿರುಬೆರಳನ್ನು ಅದರ ಬಾಯಿಯ ಮೂಲೆಗೆ ತೂರಿಸಿ ಹಿಡಿತ ಬಿಡಿಸಬೇಕು. ಟಕ್ಕೆಂದು ಸದ್ದಾಗುತ್ತದೆ. ಕೂಸು ಗಾಬರಿಯಾಗಿ ಬಾಯಿ ತೆರೆದು ಹುಡುಕುತ್ತದೆ. ಮುಖ ಕೆಂಪಾಗುತ್ತದೆ. ಆ ಕಡೆ ಹಾಕಿ, ಸಮಾಧಾನ ಮಾಡಿ, ಅದು ಮತ್ತೆ ಹಿಡಿದು ಎಳೆಯತೊಡಗಿತು ಅನ್ನುವಷ್ಟರಲ್ಲಿ ಎರಡನೆಯ ಸೀಟಿ. ಮತ್ತೆ ಕಿರುಬೆರಳು. ಮತ್ತೆ ಟಕ್. ದಿನಾ ತನ್ನ ಕೂಸಿನ ಬಾಯಿಂದ ತಾನೇ ಕಿತ್ತುಕೊಳ್ಳುವ ಕೆಲಸ. ಕಾಲರಿನ ಕಿರುಬೆರಳಿನ ಉಗುರು ಸದಾ ಬುಡದವರೆಗೆ ಕತ್ತರಿಸಿರುತ್ತಿತ್ತು.

ಡಾಕ್ಟರಮ್ಮ ಏನಂದರು ಎಂದು ಪಾಕೆಟ್ಟು ಕೇಳಿದಳು. ಮೆಷೀನಿನ ಗದ್ದಲದಲ್ಲಿ ಅವರ ಮಾತು ಯಾವಾಗಲೂ ಮುಖ ತಿರುಗಿಸದೆ ನಡೆಯುತ್ತಿತ್ತು.

“ನೀರಂತೆ.”

“ನಂದೂ ನೀರಂದಿದ್ರು.”

“ಡಬ್ಬಿ ತೋರ್ಸಿದ್ರು.”

ಪಾಕೆಟ್ಟು ಒಂದು ಜೇಬು ಮುಗಿಸಿ ಆಚೆ ಎಸೆದಳು. ಇನ್ನೊಂದು ಎಳೆದುಕೊಂಡಳು. ಅವಳ ಮಗನಿಗೆ ಡಬ್ಬಿ ಬಂದು ಕೆಲವು ತಿಂಗಳಾಗಿತ್ತು. ಡಬ್ಬಿ ಬೇಗ ಮುಗಿಯಬಾರದೆಂದು ಅವಳು ಪುಡಿ ಕಡಿಮೆ, ನೀರು ಹೆಚ್ಚು ಹಾಕುತ್ತಿದ್ದಳು. ಯಾರು ಹಾಕುವುದಿಲ್ಲ? ನೀರು ಕಾರ್ಖಾನೆಯ ತೊಟ್ಟಿಯದು. ಮಗನಿಗೆ ಭೇದಿ ಹತ್ತಿ, ನೆತ್ತಿ ಕುಳಿಬಿದ್ದು, ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಲು ನರ ಸಿಗದೆ ತಲೆಗೆ ಚುಚ್ಚಿದ್ದರು. ಬದುಕಿದ. ಅವಳ ಎದೆ ಅಷ್ಟರಲ್ಲಿ ಬತ್ತಿತ್ತು. ಈಗ ಮಗ ಮೇಲಿನ ಕೋಣೆಯ ಜೋಲಿಯಲ್ಲಿ ಬಾಟಲಿ ಚೀಪುತ್ತಾನೆ. ಇವಳು ಕೆಳಗೆ ಜೇಬು ಹೊಲಿಯುತ್ತಾಳೆ. ಬಿಡುವಿನ ಹೊತ್ತಿಗೆ ಒಮ್ಮೆ ಎದ್ದಾಗ ಮೇಸ್ತ್ರಿ ಎಲ್ಲರೆದುರು ಕೇಳಿದ್ದ: “ಹಾಲಿಲ್ಲದೋಳಿಗೆ ಮೇಲೇನು ಕೆಲಸ?”

“ಡಬ್ಬಿ ಇಸ್ಕೋಬೇಡ ಕಣೆ,” ಅಂದಳು ಪಾಕೆಟ್ಟು.

ಮನೆಯಲ್ಲಿ ಅತ್ತೆಯ ಮಾತು ಬೇರೆ. ಸಂಜೆಯಾದರೆ ಮಗುವಿನ ಅಳು ಶುರು. ಮಂಡಿಯನ್ನು ಹೊಟ್ಟೆಗೆ ಎಳೆದುಕೊಂಡು, ಮುಖ ಕಿವುಚಿ, ಉಸಿರು ಕಟ್ಟಿ ಅಳು. ಹೊಟ್ಟೆ ತಮಟೆಯಂತೆ ಬಿಗಿದಿರುತ್ತಿತ್ತು. ಬಟ್ಟೆ ಬಿಚ್ಚಿದರೆ ಹಸುರು, ನೊರೆನೊರೆ.

“ನೋಡು, ಪಾಚಿ ಕೆರೆದ ಹಾಗಿದೆ,” ಅಂದಳು ಅತ್ತೆ. “ನಾನು ಅಷ್ಟು ಮಕ್ಕಳನ್ನ ಹೆತ್ತೆ, ಒಂದಾದ್ರೂ ಹಿಂಗೆ ಹೇತದ್ದಿಲ್ಲ. ನಿನ್ನ ಹಾಲಲ್ಲೇ ಏನೋ ಐಬಿದೆ. ಡಾಕ್ಟರು ಕೊಡ್ತೀನಿ ಅಂದಾಗ ತಗೊಳ್ಳೋಕೆ ನಿಂಗೇನು ಧಾಡಿ?”

“ಅವ್ವಾ, ಸುಮ್ನಿರು,” ಅಂದ ಗಂಡ. ಅವನು ಗೋದಾಮಿನಲ್ಲಿ ಮೂಟೆ ಹೊತ್ತು ಬಂದಿದ್ದ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಂದ ಒಲೆಯವರೆಗೆ, ಒಲೆಯಿಂದ ಬಾಗಿಲವರೆಗೆ ತಿರುಗಿದ. ಇಡೀ ಮನೆಯೇ ಅಷ್ಟು. ಬೆನ್ನು ತಟ್ಟಿದ. ಹೆಂಡತಿಯ ಮುಖ ನೋಡಿ, “ತಗೊಂಡ್ರೆ ತಪ್ಪೇನು?” ಅಂದ ಮೆಲ್ಲಗೆ.

ಕಾಲರು ಗೋಡೆಗೆ ಒರಗಿದಳು. ಎಲ್ಲರೂ ಅವಳ ಮೈಯ ಬಗ್ಗೆ ಮಾತಾಡುತ್ತಿದ್ದರು. ಯಾರದೋ ಹಸು ಕೆಟ್ಟುಹೋದಂತೆ. ಅವಳಿಗೇ ಅನುಮಾನ ಶುರುವಾಗಿತ್ತು. ನನ್ನಲ್ಲೇ ಏನೋ ಕಡಿಮೆ ಇದೆಯಾ? ಇಷ್ಟೆಲ್ಲ ಬರುತ್ತದೆ, ಹಾಗಾದರೆ ಬರುವುದು ಏನು?

ಒಂದು ದಿನ ಮಧ್ಯಾಹ್ನ ಕರೆಂಟು ಹೋಯಿತು. ಕಾಲರು, ತೋಳು, ಗುಂಡಿ ಆಗಷ್ಟೇ ಮೇಲೆ ಹೋಗಿ ಬೆಂಚಿನ ಮೇಲೆ ಕೂತಿದ್ದರು. ಕೆಳಗಿನ ಮೆಷೀನುಗಳೆಲ್ಲ ಒಮ್ಮೆಲೇ ಉಸಿರು ಬಿಟ್ಟು ಸುಮ್ಮನಾದವು. ಆ ಮೌನಕ್ಕೇ ಒಂದೆರಡು ಕೂಸು ಎಚ್ಚರಗೊಂಡವು. ಮೇಸ್ತ್ರಿ ಮೆಟ್ಟಿಲ ಬುಡದಿಂದ ಕೂಗಿದ: “ಆಯಮ್ಮ, ಊದ್ಬೇಡ. ಇಳಿದು ಬಂದು ಇಲ್ಲೇನು ಮಾಡ್ತಾರೆ, ಕತ್ತಲಲ್ಲಿ ಕಣ್ಣಾಮುಚ್ಚಾಲೆ ಆಡ್ತಾರಾ?”

ಆಯಮ್ಮ ಊದಲಿಲ್ಲ. ಕಾಲರಿನ ಮಗು ಎಳೆಯಿತು. ಮೊದಮೊದಲು ಅವಸರದ ಗುಟುಕು, ಬೇಗ ಬೇಗ, ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ. ಆಮೇಲೆ ಗುಟುಕು ನಿಧಾನವಾಯಿತು. ದೊಡ್ಡದಾಯಿತು. ಒಂದೊಂದು ಗುಟುಕಿಗೂ ಗಂಟಲು ಏರಿ ಇಳಿಯುವುದು ಕಾಣಿಸಿತು. ಮುಷ್ಟಿ ಸಡಿಲವಾಯಿತು. ಆಮೇಲೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬಾಯಿ ತಾನಾಗಿಯೇ ಜಾರಿತು. ಕುಡಿದು ಮಲಗಿದವರ ಹಾಗೆ ತಲೆ ಹಿಂದಕ್ಕೆ ವಾಲಿತು.

ಒರೆಸಿಕೊಳ್ಳಲು ಬಟ್ಟೆ ಹಿಡಿದ ಕಾಲರು ತನ್ನ ಬೆರಳ ಮೇಲಿನ ಹನಿ ನೋಡಿ ನಿಂತಳು. ನೀಲಿ ಇರಲಿಲ್ಲ. ಬಿಳಿ. ಹಳದಿಗೆ ತಿರುಗಿದ ದಪ್ಪ ಬಿಳಿ. ಬೆರಳು ಓರೆ ಮಾಡಿದರೂ ಹನಿ ಹರಿಯದೆ ಕೂತಿತು. ಆ ಕಡೆಯದನ್ನು ಒತ್ತಿ ನೋಡಿದಳು. ಅದು ಇನ್ನೂ ಕುಡಿಸದೆ ತುಂಬಿದ್ದ ಕಡೆ. ಅಲ್ಲಿ ಬಂದದ್ದು ಡಾಕ್ಟರಮ್ಮನ ಲೋಟದ ನೀಲಿ ನೀರು.

“ಆಯಮ್ಮಾ, ಇಲ್ಲಿ ನೋಡು. ಈ ಬೆರಳು ನೋಡು, ಈ ಬೆರಳು ನೋಡು.”

ಆಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಒಂದು ಹಾಲು, ಒಂದು ಮಜ್ಜಿಗೆ ನೀರು,” ಅಂದಳು. “ಎರಡೂ ನಿಂದೇನಾ?”

ಆ ಸಂಜೆ ಮಗು ಅಳಲಿಲ್ಲ. ಮಾರನೆಯ ದಿನ ಅದರ ಬಟ್ಟೆ ಬಿಚ್ಚಿದ ಆಯಮ್ಮ ಮೇಲಿನಿಂದಲೇ ಕೂಗಿದಳು, ಇಡೀ ಕಾರ್ಖಾನೆಗೆ ಕೇಳುವ ಹಾಗೆ: “ಏ ಕಾಲರು, ಹಳದಿ ಕಣೆ! ಚಿನ್ನ ಹೇತಿದಾಳೆ ನಿನ್ನ ಮಗಳು!” ಸಾಲಿನ ಹೆಂಗಸರೆಲ್ಲ ನಕ್ಕರು. ಅವತ್ತು ಕರೆಂಟಿತ್ತು. ಸೀಟಿಗಳೂ ಇದ್ದವು. ಸಂಜೆ ಮತ್ತೆ ಅಳು, ಮತ್ತೆ ಹಸುರು.

ಲಸಿಕೆ ಹಾಕಿಸಲು ಸರಕಾರಿ ಆಸ್ಪತ್ರೆಗೆ ಹೋದಾಗ ಕಾಲರು ಅಲ್ಲಿನ ಸಿಸ್ಟರಿಗೆ ಎಲ್ಲ ಹೇಳಿದಳು. ಸರದಿ ಬಾಗಿಲಾಚೆಗೂ ಬೆಳೆದಿತ್ತು. ಸಿಸ್ಟರು ಒಂದು ಕೈಯಲ್ಲಿ ಸೂಜಿ ಹಿಡಿದೇ ಕೇಳಿಸಿಕೊಂಡರು.

“ತೆಳು ಅಂತ ಯಾವಾಗ ಹಿಂಡಿ ನೋಡಿದ್ರು? ಕುಡಿಸೋ ಮೊದಲು ತಾನೆ? ಶುರುವಿಗೆ ಎಲ್ಲರದೂ ಹಂಗೇ ಇರುತ್ತೆ ಕಣಮ್ಮ. ನಂದೂ ಹಂಗೇ ಇತ್ತು, ಮಹಾರಾಣಿದೂ ಹಂಗೇ. ಮೊದ್ಲು ಬರೋದು ನೀರು, ಸಿಹಿ. ಅದು ಬಾಯಾರಿಕೆಗೆ. ಮಗು ಎಳೀತಾ ಎಳೀತಾ ಎದೆ ಬರಿದಾದ ಹಾಗೆ ಹಿಂದಿಂದ ಕೊಬ್ಬಿರೋ ಹಾಲು ಬರುತ್ತೆ. ಮೈ ಬೆಳೆಯೋದು ಅದರಲ್ಲಿ. ನೀನು ಎರಡು ಕಡೆನೂ ಮೇಲ್ಮೇಲಿಂದಷ್ಟೇ ಕುಡಿಸಿ ಕಿತ್ಕೊಂಡ್ರೆ ಹೊಟ್ಟೆ ತುಂಬ ಬರೀ ಸಿಹಿನೀರು. ಉಬ್ಬರಿಸದೆ ಇನ್ನೇನಾಗುತ್ತೆ? ಒಂದು ಕಡೆ ಪೂರ್ತಿ ಕುಡೀಲಿ. ಆಮೇಲೂ ಬೇಕಂದ್ರೆ ಆ ಕಡೆ. ಯಾವಾಗ ಬಿಡ್ಬೇಕು ಅಂತ ಮಗುಗೆ ಗೊತ್ತಿರುತ್ತೆ. ನೀನ್ಯಾಕೆ ಕಿತ್ಕೋತೀಯ?”

“ನಾನಲ್ಲ ಸಿಸ್ಟರೇ. ಸೀಟಿ ಊದ್ತಾರೆ.”

“ಸೀಟಿನಾ?” ಸಿಸ್ಟರು ನಕ್ಕರು. ಕಾಲರಿನ ಮುಖ ನೋಡಿ ನಗು ನಿಲ್ಲಿಸಿದರು. ಮಗುವಿನ ತೊಡೆ ಒರೆಸುತ್ತ, “ಊದೋರನ್ನ ಇಲ್ಲಿಗೆ ಕರ್ಕೊಂಡು ಬಾ, ಇದೇ ಸೂಜೀಲಿ ಚುಚ್ತೀನಿ,” ಅಂದರು. “ಮುಂದಿನೋರು ಬನ್ನಿ.”

ಅತ್ತೆಗೂ ಹೇಳಿದಳು. ಅತ್ತೆ ಒಂದು ಕಾಲಕ್ಕೆ ಹಸು ಸಾಕಿದವಳು. “ಕಡೇ ಕರೆತದಲ್ಲೇ ಬೆಣ್ಣೆ ಅಂತಿದ್ಲು ನಮ್ಮವ್ವ,” ಅಂದಳು. “ಹಸುವಿಗೆ ಗೊತ್ತಿತ್ತು. ಹೆಂಗಸಿಗೂ ಅದೇ ಅಂತ ನನ್ನ ಹಾಳು ತಲೆಗೆ ಹೊಳೀಲಿಲ್ಲ ನೋಡು.” ಎದ್ದು ಹೋಗಿ ಸೊಸೆಗೆ ಅನ್ನ ಬಡಿಸಿದಳು. ಅವಳು ಕ್ಷಮೆ ಕೇಳುವ ಬಗೆ ಅಷ್ಟೇ.

ಗೊತ್ತಾದ ಮೇಲೆ ಇನ್ನೂ ಕಷ್ಟವಾಯಿತು. ರಾತ್ರಿ ಮನೆಯಲ್ಲಿ ಒಂದೇ ಕಡೆ ಪೂರ್ತಿ ಕುಡಿಸುತ್ತಿದ್ದಳು, ಹಗಲಿನದೆಲ್ಲ ಸೀಟಿಯ ಪಾಲು. ಮೊದಲು ಕಿರುಬೆರಳು ತೂರಿಸುವಾಗ ಮಗುವಿನ ಅಳುವಷ್ಟೇ ಕಾಣುತ್ತಿತ್ತು. ಈಗ ಬಾಗಿಲವರೆಗೆ ಬಂದ ಅನ್ನವನ್ನು ತಾನೇ ಒದ್ದು ಕಳಿಸಿದಂತೆ. ಕೆಳಗಿಳಿದು ಮೆಷೀನಿಗೆ ಕೂತರೆ ಎದೆಯೊಳಗೆ ಉಳಿದದ್ದು ಕಲ್ಲಾಗಿ ಒತ್ತುತ್ತಿತ್ತು. ಅಂಗಿಗೆ ಸೋರೀತೆಂದು ನಡುವೆ ಎದ್ದು ಅವಳು ಅದನ್ನು ಪಾಯಿಖಾನೆಯಲ್ಲಿ ನಿಂತು ಹಿಂಡಿ ಚೆಲ್ಲುತ್ತಿದ್ದಳು. ದಪ್ಪ ಹಾಲು. ಮಗಳ ಮೈಯಾಗಬೇಕಿದ್ದದ್ದು. ಅದರ ಮೇಲೆ ನೀರು ಹೊಯ್ದು ಬರುತ್ತಿದ್ದಳು.

ಡಾಕ್ಟರಮ್ಮನನ್ನು ಗೇಟಿನ ಬಳಿ ಕಾರು ಹತ್ತುವಾಗ ಹಿಡಿದಳು. ಅವರು ಕೇಳಿದರು, ತಲೆಯಾಡಿಸಿದರು. “ಇರಬಹುದು, ಇರಬಹುದು. ಆದ್ರೆ ಸೀಟಿ ವಿಷಯ ನಂದಲ್ಲಮ್ಮ. ನಾನು ಮಗು ನೋಡೋಳು,” ಅಂದರು. ಕಾರಿನ ಬಾಗಿಲು ಮುಚ್ಚಿತು.

ಮೇಸ್ತ್ರಿಯ ಹತ್ತಿರ ಹೋದಳು. ಅವನು ಕತ್ತರಿಸುವ ಮೇಜಿಗೆ ಒರಗಿ ಚಹಾ ಕುಡಿಯುತ್ತಿದ್ದ.

“ಮೇಸ್ತ್ರಿಗಳೇ, ನಾನು ಒಂದೇ ಕಡೆ ಪೂರ್ತಿ ಕುಡಿಸ್ತೀನಿ. ಸೋರದ ಹಾಗೆ ದಪ್ಪ ಬಟ್ಟೆ ಇಟ್ಕೋತೀನಿ. ಒಂದು ಹನಿ ಬಿದ್ರೂ ಕೇಳಿ. ಮೊದಲ ಸೀಟಿ ನಂಗೆ ಬೇಡ. ಎರಡನೇದಕ್ಕೂ ಚೂರು ತಡ ಆದ್ರೆ ಸಂಜೆ ಕೂತು ತುಂಬಿಸ್ಕೊಡ್ತೀನಿ.”

“ಇವತ್ತು ನಿಂಗೆ ಮೊದಲ ಸೀಟಿ ಬೇಡ. ನಾಳೆ ತೋಳಿಗೆ ಎರಡನೇ ಸೀಟಿ ಬೇಡ. ನಾಡಿದ್ದು ಗುಂಡಿಗೆ ಕಾರ್ಖಾನೇನೇ ಬೇಡ. ಆಮೇಲೆ ನಾನಿಲ್ಲಿ ಕೂತು ಜೋಗುಳ ಹಾಡ್ಲಾ?”

“ಮಗು ಬೆಳೀತಿಲ್ಲ ಮೇಸ್ತ್ರಿಗಳೇ.”

“ಡಬ್ಬಿ ಕೊಡ್ತಾರಂತಲ್ಲ.”

“ನನ್ನ ಹಾಲಿದೆ. ಹಿಂದೆ ಬರೋ ಹಾಲು ಕುಡಿಯೋಕೆ ಹೊತ್ತು ಬೇಕು. ಮೊದಲು ಬರೋದು...”

“ಥೂ, ಥೂ!” ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟ. ಸುತ್ತ ನೋಡಿ ದನಿ ಎತ್ತರಿಸಿದ. “ನಿನ್ನ ಎದೆ ಪುರಾಣ ನನ್ನ ಮುಂದೆ ಯಾಕಮ್ಮ ಬಿಚ್ತೀಯ? ನಾಚಿಕೆ ಅನ್ನೋದಿಲ್ವಾ?”

ಕತ್ತರಿಸುವ ಮೇಜಿನ ಗಂಡಸರು ನಕ್ಕರು.

ಕಾಲರು ಬಂದು ಮೆಷೀನಿಗೆ ಕೂತಳು. ಕಿವಿ ಸುಡುತ್ತಿತ್ತು. ಹೊಲಿಗೆ ಸೊಟ್ಟಾಯಿತು. ಬಿಚ್ಚಿದಳು. ಮತ್ತೆ ಸೊಟ್ಟಾಯಿತು. ಎದೆ ಸೋರಿದರೆ ಅದು ಕಾರ್ಖಾನೆಯ ಎದೆ. ಅದಕ್ಕೆ ಸೀಟಿ, ಅದಕ್ಕೆ ನಿಯಮ, ಅದರ ಬಗ್ಗೆ ಮ್ಯಾನೇಜರಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರೂ ಮಾತಾಡಬಹುದು. ಅವಳು ಬಾಯಿ ಬಿಟ್ಟು ಕೇಳಿದರೆ ಮಾತ್ರ ಅದು ಅವಳ ಎದೆ. ಆಗ ಅವಳದೇ ನಾಚಿಕೆ.

“ಏನಂದ?” ಅಂದಳು ಪಾಕೆಟ್ಟು.

“ನಾಚಿಕೆ ಇಲ್ವಾ ಅಂದ.”

“ಇದೆ, ಬೇಕಾದ್ರೆ ನಿಮಗೂ ಚೂರು ಸಾಲ ಕೊಡ್ತೀನಿ ಅನ್ಬೇಕಿತ್ತು.”

ಕಾಲರಿಗೆ ನಗು ಬರಲಿಲ್ಲ. ತೂಕದ ದಿನ ಹತ್ತಿರವಾಗುತ್ತಿತ್ತು.

ಮಾರನೆಯ ದಿನ ಬಿಡುವಿಗೆ ಮೇಲೆ ಹೋದವರು ಅದೇ ಮೂವರು: ಕಾಲರು, ತೋಳು, ಗುಂಡಿ. ಕೋಣೆಯಲ್ಲಿ ಮೂತ್ರದ, ಗಂಜಿ ಹಾಕಿದ ಬಟ್ಟೆಯ, ಹುಳಿಯಾದ ಹಾಲಿನ ವಾಸನೆ. ಗೋಡೆಯುದ್ದಕ್ಕೂ ಬೆಂಚು. ಮೇಲಿನ ಕಂಬಿಯಿಂದ ಇಳಿಬಿದ್ದ ಜೋಲಿಗಳು. ಕಾಲರು ಮಗಳನ್ನು ಹಾಕಿಕೊಂಡಳು. ಅವಸರದ ಗುಟುಕುಗಳು ಮುಗಿದು, ದೊಡ್ಡ ಗುಟುಕು ಇನ್ನೇನು ಶುರುವಾಗಬೇಕು.

ಮೊದಲ ಸೀಟಿ.

ತೋಳಿನ ಕಿರುಬೆರಳು ಹೋಯಿತು. ಟಕ್. ಗುಂಡಿಯದು ಹೋಯಿತು. ಟಕ್. ಕಾಲರಿನ ಬೆರಳೂ ಅಭ್ಯಾಸಬಲದಿಂದ ಎದ್ದು ಮಗುವಿನ ಬಾಯಿಯ ಮೂಲೆಗೆ ಬಂತು. ತುಟಿಯ ಒದ್ದೆ ತಾಗಿತು. ಅಲ್ಲೇ ನಿಂತಿತು. ಮಗು ಒಮ್ಮೆ ನುಂಗಿತು. ನಿಧಾನ. ಇನ್ನೊಮ್ಮೆ ನುಂಗಿತು. ಕಾಲರು ಬೆರಳು ಹಿಂದಕ್ಕೆ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

“ಏ ಕಾಲರು, ಸೀಟಿ ಕೇಳಿಸ್ಲಿಲ್ವಾ?” ಅಂದಳು ಆಯಮ್ಮ.

“ಕೇಳಿಸ್ತು.”

“ಮತ್ತೆ?”

“ಇವಳಿಗೆ ಕೇಳಿಸ್ಲಿಲ್ಲ.”

ಆಯಮ್ಮ ಅವಳನ್ನೇ ನೋಡಿದಳು. ಆಮೇಲೆ ಪಕ್ಕದ ಜೋಲಿ ತೂಗತೊಡಗಿದಳು. ಹೊತ್ತು ಮುಗಿದಾಗ ಎರಡನೆಯ ಸೀಟಿಯನ್ನೂ ಊದಿದಳು, ಹಾಲು ಆರಿಸುವಷ್ಟು ಮೆತ್ತಗೆ. ಗುಂಡಿ ಎದ್ದಳು. ಕಾಲರಿನ ಕಡೆ ನೋಡದೆ ಮೆಟ್ಟಿಲಿಳಿದಳು. ಅವಳನ್ನು ಬೈದು ಫಲವಿಲ್ಲ, ಅವಳ ಮನೆಯ ಒಲೆಯ ಕಥೆ ಅವಳಿಗೇ ಗೊತ್ತು. ತೋಳು ಬಾಗಿಲವರೆಗೆ ಹೋದಳು. ಜೋಲಿಯಲ್ಲಿ ಅವಳ ಮಗ ಕೈಕಾಲು ಬಡಿದು ಅಳುತ್ತಿದ್ದ. ನಿಂತಳು. ವಾಪಸು ಬಂದು ಮಗನನ್ನೆತ್ತಿಕೊಂಡು ದೊಪ್ಪನೆ ಬೆಂಚಿನ ಮೇಲೆ ಕೂತಳು. “ಆದದ್ದಾಗ್ಲಿ,” ಅಂದಳು, ರವಿಕೆ ಬಿಚ್ಚುತ್ತ.

ಕೆಳಗೆ ಕೊರಳಿಲ್ಲದ, ತೋಳಿಲ್ಲದ ಅಂಗಿಗಳು ಗುಡ್ಡೆ ಬಿದ್ದಿರಬೇಕು. ಮೆಟ್ಟಿಲ ಮೇಲೆ ಮೇಸ್ತ್ರಿಯ ಚಪ್ಪಲಿಯ ಸದ್ದಾಯಿತು. ಬಾಗಿಲವರೆಗೆ ದಡದಡ ಬಂದ. ಒಳಗೆ ಒಂದು ಕಾಲಿಟ್ಟ. ತೆರೆದ ಎದೆಗಳನ್ನು ಕಂಡು ಗಕ್ಕನೆ ಬೆನ್ನು ತಿರುಗಿಸಿದ. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲವೆಂದು ಬಾಗಿಲ ಮೇಲೆ ಅವನೇ ಬರೆಸಿ ಅಂಟಿಸಿದ್ದ.

“ಕಾಲರ್! ಏನಿದು?” ಎಂದು ಎದುರಿನ ಗೋಡೆಗೆ ಗದರಿಸಿದ.

“ಮಗು ಕುಡೀತಿದೆ.”

“ಹೊತ್ತು ಮುಗೀತು.”

“ಅವಳಿಗೆ ಮುಗಿದಿಲ್ಲ.”

“ತೋಳು, ನೀನೂನಾ?”

“ನನ್ನ ಮಗನದೂ ಮುಗಿದಿಲ್ಲ ಮೇಸ್ತ್ರಿಗಳೇ,” ಅಂದಳು ತೋಳು.

“ಆಯಮ್ಮ! ಇನ್ನೊಂದು ಸಲ ಊದು. ಕಿವಿ ತೂತಾಗೋ ಹಾಗೆ ಊದು.”

ಆಯಮ್ಮ ಸೀಟಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಅವಳ ಮುಖ ಒಂದು ಗಳಿಗೆ ಬಹಳ ಮುದಿಯಾಯಿತು. “ನಂಗೆ ಉಬ್ಬಸ ಮೇಸ್ತ್ರಿಗಳೇ, ಉಸಿರೇ ಬರ್ತಿಲ್ಲ,” ಅಂದಳು. “ನೀವೇ ಒಳಗೆ ಬಂದು ಊದಿ.”

ತೋಳು ಕಿಸಕ್ಕೆಂದಳು. ಮೇಸ್ತ್ರಿಯ ಹಿಂಗತ್ತು ಕೆಂಪಾಯಿತು. ಅಷ್ಟರಲ್ಲಿ ಪಾಕೆಟ್ಟು ಮೆಟ್ಟಿಲು ಹತ್ತಿ ಬಂದಳು. ಮೇಸ್ತ್ರಿಯ ಪಕ್ಕದಿಂದಲೇ ನುಸುಳಿ ಒಳಗೆ ಹೋಗಿ, ಜೋಲಿಯಿಂದ ತನ್ನ ಮಗನನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಕಾಲರಿನ ಪಕ್ಕ ಕೂತಳು.

“ಏ ಪಾಕೆಟ್, ನಿಂಗೇನು ಇಲ್ಲಿ? ನಿಂಗೆ ಹಾಲೇ ಇಲ್ಲ!”

“ಗೊತ್ತು ಮೇಸ್ತ್ರಿಗಳೇ. ಅದಕ್ಕೇ ಬಂದೆ,” ಅಂದಳು ಪಾಕೆಟ್ಟು. ಮಗ ಅವಳ ಮೂಗು ಹಿಡಿದುಕೊಂಡಿದ್ದ. ಅವಳು ಬಿಡಿಸಿಕೊಳ್ಳಲಿಲ್ಲ.

ಮೇಸ್ತ್ರಿ ಈ ಸಲ ಕೂಗಲಿಲ್ಲ. ಅದು ಕೂಗಿಗಿಂತ ಕೆಟ್ಟದಾಗಿತ್ತು.

“ಕಾಲರ್. ನಾಳೆ ಗೇಟಿನವನು ನಿನ್ನ ಒಳಗೆ ಬಿಡ್ತಾನೆ ಅಂದ್ಕೊಂಡಿದೀಯಾ?”

ಕಾಲರಿಗೆ ಗಂಡನ ಹೆಗಲ ಮೇಲಿನ ಮೂಟೆಯ ಗಾಯದ ಗುರುತು ಕಣ್ಣ ಮುಂದೆ ಬಂತು. ಬಾಗಿಲಿಂದ ಒಲೆಯವರೆಗಿನ ಮನೆ ಬಂತು. ಮೈಯ ಹೆದರಿಕೆ ಹಾಲಿಗೂ ತಟ್ಟಿತೋ ಏನೋ, ಮಗು ಎಳೆಯುವುದನ್ನು ನಿಲ್ಲಿಸಿ, ಬಾಯಿ ಬಿಡದೆಯೇ, ಕಣ್ಣು ತೆರೆದು ಅವಳನ್ನು ನೋಡಿತು. ಕಾಲರು ಅದರ ಹಣೆಯ ಮೇಲಿನ ಬೆವರು ಒರೆಸಿದಳು. ಮಗು ಮತ್ತೆ ಕಣ್ಣು ಮುಚ್ಚಿ ನುಂಗಿತು.

“ನಾಳೆ ಮಾತು ನಾಳೆ ಹೇಳಿ ಮೇಸ್ತ್ರಿಗಳೇ,” ಅಂದಳು. “ಈಗ ಚೂರು ಸುಮ್ನಿರಿ. ಮಗು ಬೆಚ್ಚುತ್ತೆ.”

ಮೇಸ್ತ್ರಿ ಗೋಡೆ ನೋಡುತ್ತ ನಿಂತೇ ಇದ್ದ. ಕೆಳಗೆ ಮೆಷೀನುಗಳು ಒಂದೊಂದಾಗಿ ನಿಲ್ಲುತ್ತಿದ್ದವು, ಹೊಲಿಯಲು ಮುಂದಿನ ತುಂಡು ಬಾರದೆ. ಬಹಳ ಹೊತ್ತಿನ ಮೇಲೆ ಮಗುವಿನ ಬಾಯಿ ಜಾರಿ ಬಿಟ್ಟುಕೊಂಡಿತು. ಕಾಲರು ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದಳು. ಗಂಡಸಿನ ಹಾಗೆ ದೊಡ್ಡದೊಂದು ತೇಗು ಬಂತು. ಆಮೇಲೆ ಅದು ತಲೆಯೆತ್ತಿ, ಮೂಗಿನಿಂದ ಅವಳ ಕೊರಳು ಉಜ್ಜಿ, ಇನ್ನೂ ಬೇಕೆಂದು ಹುಡುಕಿತು.

ಕಾಲರು ಮಗಳನ್ನು ಆ ಕಡೆಗೆ ಹಾಕಿಕೊಂಡಳು.